ಕೀಲೆಣ್ಣೆಯಿಂದ ರಬ್ಬರ್ ಬುಷ್ಷಿನವರೆಗೆ

ಯಂತ್ರಗಳ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ದೊಡ್ಡ ಅಂಗಗಳನ್ನೇ ಹಿಡಿದು ಹೊರಡುತ್ತಾರೆ. ರೈಲಿನ ಕಥೆ ಎಂದರೆ ಉಗಿಯ ಕಥೆ. ಮೋಟಾರಿನ ಕಥೆ ಎಂದರೆ ಇಂಜಿನಿನ ಕಥೆ. ಅರಸರ ಚರಿತ್ರೆಯಲ್ಲಿ ಕಾಲಾಳಿಗೆ ಎಷ್ಟು ಜಾಗವೋ ಯಂತ್ರದ ಚರಿತ್ರೆಯಲ್ಲಿ ಕೀಲಿಗೂ ಅಷ್ಟೇ ಜಾಗ. ಆದರೆ ಓಡುವ ಗಾಡಿ ಯಾವುದೇ ಇರಲಿ, ಮುಪ್ಪು ಅದಕ್ಕೆ ಮೊದಲು ಬರುವುದು ಕೀಲುಗಳಲ್ಲಿ. ಈ ಒಂದು ವಿಷಯದಲ್ಲಿ ಯಂತ್ರವೂ ಮನುಷ್ಯನೂ ಒಂದೇ. ಹೃದಯ ಗಟ್ಟಿಯಾಗಿದ್ದರೂ ಮಂಡಿ ನೋಯುತ್ತದೆ. ಇಂಜಿನು ಗುಣುಗುಣಿಸುತ್ತಲೇ ಇದ್ದರೂ ಹಳ್ಳ ಬಂದಾಗ ಗಾಡಿಯ ಅಡಿಯಿಂದ 'ಟಕ್' ಎಂಬ ಸದ್ದು ಕೇಳುತ್ತದೆ.

ಆ ಸದ್ದನ್ನು ಹಳೆಯ ಕಾರು ಇಟ್ಟುಕೊಂಡವರೆಲ್ಲ ಬಲ್ಲರು. ಮೆಕ್ಯಾನಿಕ್ಕು ಬಗ್ಗಿ ನೋಡಿ, ಕಬ್ಬಿಣದ ಸಲಾಕೆಯೊಂದರಿಂದ ಅಲ್ಲಾಡಿಸಿ, 'ಬುಷ್ ಹೋಗಿದೆ ಸಾರ್' ಎನ್ನುತ್ತಾನೆ. ಯಾವ ಬುಷ್, ಅದು ಎಲ್ಲಿತ್ತು, ಹೋದದ್ದಾದರೂ ಎಲ್ಲಿಗೆ ಎಂದು ನಾವು ಕೇಳುವುದಿಲ್ಲ. ಬೆಲೆ ಎಷ್ಟೆಂದು ಮಾತ್ರ ಕೇಳುತ್ತೇವೆ. ಹೆಬ್ಬೆರಳಿನಷ್ಟೋ ಮುಷ್ಟಿಯಷ್ಟೋ ಇರುವ ಈ ರಬ್ಬರಿನ ತುಂಡಿನ ಹಿಂದೆ ಎರಡು ಶತಮಾನಗಳ ಚರಿತ್ರೆಯುಂಟು. ಅದರಲ್ಲಿ ಬಡತನದಲ್ಲಿ ಸತ್ತ ಸಂಶೋಧಕನಿದ್ದಾನೆ, ಕೈ ಕಳೆದುಕೊಂಡ ಕೂಲಿಗಳಿದ್ದಾರೆ, ಎರಡು ಮಹಾಯುದ್ಧಗಳಿವೆ, ನಮ್ಮ ಸುಳ್ಯದ ಕಾಡೂ ಇದೆ. ಎಲ್ಲಕ್ಕಿಂತ ಹೆಚ್ಚಾಗಿ, ಒಂದು ವಸ್ತುವನ್ನು ಚೆನ್ನಾಗಿ ನೋಡಿಕೊಳ್ಳುವುದು ಎಂದರೇನು ಎಂಬ ಪ್ರಶ್ನೆಗೆ ಕಾಲ ಬದಲಾದಂತೆ ಉತ್ತರವೂ ಹೇಗೆ ಬದಲಾಯಿತು ಎಂಬುದರ ದಾಖಲೆ ಅದರಲ್ಲಿದೆ.

ಮೊದಲು ಹೆಸರಿನ ಮಾತು. ಬುಷ್ ಎಂದರೆ ಪೊದೆ ಎಂದು ಶಾಲೆಯಲ್ಲಿ ಕಲಿತವರಿಗೆ ಈ ಪದ ವಿಚಿತ್ರವಾಗಿ ಕಾಣಬಹುದು. ಯಂತ್ರದ ಬುಷ್ಷಿಗೂ ಪೊದೆಗೂ ಸಂಬಂಧವಿಲ್ಲ. ಪೆಟ್ಟಿಗೆ, ಗೂಡು ಎಂಬ ಅರ್ಥದ ಹಳೆಯ ಡಚ್ ಮಾತಿನಿಂದ ಅದು ಇಂಗ್ಲಿಷಿಗೆ ಬಂದಿತು. ಸುತ್ತುವ ಅಥವಾ ತೂಗುವ ದಂಡವೊಂದು ಸವೆಯದಂತೆ ಅದರ ಸುತ್ತ ಕೂರಿಸುವ ಗೂಡೇ ಬುಷ್. ಸವೆಯಬೇಕಾದರೆ ಅಗ್ಗದ ಗೂಡು ಸವೆಯಲಿ, ಬೆಲೆಬಾಳುವ ದಂಡ ಉಳಿಯಲಿ ಎಂಬುದು ಅದರ ತತ್ತ್ವ.

ಈ ತತ್ತ್ವ ನಮ್ಮ ಹಳ್ಳಿಯ ಗಾಡಿಯವನಿಗೆ ಹೊಸದಲ್ಲ. ಎತ್ತಿನ ಗಾಡಿಯ ಗುಂಬದೊಳಗೆ ಕಬ್ಬಿಣದ ಬಳೆ ಕೂರಿಸಿ, ಅದರೊಳಗೆ ಅಚ್ಚನ್ನು ತೂರಿಸಿ, ಚಕ್ರ ಕಳಚದಂತೆ ಕಡಾಣಿ ಜಡಿಯುತ್ತಿದ್ದರು. ಅಚ್ಚು ಮತ್ತು ಬಳೆಯ ನಡುವೆ ಕೀಲೆಣ್ಣೆ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿ ಮಾಡಿದ ಆ ಕಪ್ಪು ಮದ್ದನ್ನು ಬಿದಿರಿನ ಗೊಟ್ಟದಲ್ಲಿ ತುಂಬಿ ಗಾಡಿಯ ಕೆಳಗೆ ತೂಗುಹಾಕುವುದು ರೂಢಿ. ದೂರದ ಪಯಣದಲ್ಲಿ ಗಾಡಿ 'ಕಿರ್ರ್' ಎಂದಿತೋ, ಗಾಡಿಯವನು ಇಳಿದು ಕೀಲೆಣ್ಣೆ ಬಳಿಯುತ್ತಿದ್ದ. ಕಿರುಗುಟ್ಟಿದರೆ ಎಣ್ಣೆ ಎಂಬ ಈ ಪಾಠ ನಮ್ಮ ಜನದ ರಕ್ತದಲ್ಲಿ ಸೇರಿಹೋಗಿದೆ ಎಂದರೆ ಅತಿಶಯೋಕ್ತಿಯಲ್ಲ. ಮುಂದೆ ಇದೇ ಪಾಠ ಹೇಗೆ ತಿರುಗುಬಾಣವಾಯಿತೆಂಬುದನ್ನು ನೋಡಲಿದ್ದೇವೆ.

ಎತ್ತಿನ ಗಾಡಿಗೆ ಸ್ಪ್ರಿಂಗ್ ಇರಲಿಲ್ಲವಾದ್ದರಿಂದ ಅದರ ಕೀಲುಗಳೂ ಕಡಿಮೆ. ಯೂರೋಪಿನ ಕುದುರೆ ಸಾರೋಟಿನಲ್ಲಿ ಮಾತು ಬೇರೆಯಾಯಿತು. 1804ರಲ್ಲಿ ಲಂಡನ್ನಿನ ಒಬಾಡಯ ಎಲಿಯಟ್ ಎಂಬವನು ಉಕ್ಕಿನ ಪಟ್ಟಿಗಳನ್ನು ಬಿಲ್ಲಿನಂತೆ ಬಾಗಿಸಿ, ಎರಡು ಬಿಲ್ಲುಗಳನ್ನು ಎದುರುಬದುರಾಗಿ ಜೋಡಿಸಿದ ಸ್ಪ್ರಿಂಗಿಗೆ ಪೇಟೆಂಟ್ ಪಡೆದ. ಸಾರೋಟು ಹಗುರಾಯಿತು, ಕುಳಿತವರ ಬೆನ್ನು ಉಳಿಯಿತು. ಆದರೆ ಬಾಗುವ ಪಟ್ಟಿ ತನ್ನ ತುದಿಯಲ್ಲಿ ಎಲ್ಲಾದರೂ ತೂಗಲೇಬೇಕು. ಪಟ್ಟಿಯ ತುದಿಯನ್ನು ಸುರುಳಿ ಸುತ್ತಿ ಕಣ್ಣು ಮಾಡಿ, ಕಣ್ಣಿನಲ್ಲಿ ಕಂಚಿನ ಬುಷ್ ಕೂರಿಸಿ, ಅದರೊಳಗೆ ಉಕ್ಕಿನ ಪಿನ್ನು ತೂರಿಸಿದರು. ಮೋಟಾರು ಕಾರು ಹುಟ್ಟಿದಾಗ ಈ ಏರ್ಪಾಡನ್ನು ಸಾರೋಟಿನಿಂದ ಇದ್ದಹಾಗೆಯೇ ಎತ್ತಿಕೊಂಡಿತು.

ಸಾರೋಟಿಗೆ ಸರಿಹೋದದ್ದು ಮೋಟಾರಿಗೆ ಸಾಲಲಿಲ್ಲ. ವೇಗ ಹೆಚ್ಚಿತು, ಭಾರ ಹೆಚ್ಚಿತು, ರಸ್ತೆಯ ಧೂಳೂ ಕೆಸರೂ ಪಿನ್ನಿನ ಸಂದಿಗೆ ನುಗ್ಗಿ ಸಾಣೆಯ ಪುಡಿಯಂತೆ ಕೆಲಸ ಮಾಡಿದವು. ಅಂದಿನ ಕಾರಿನ ಅಡಿಯಲ್ಲಿ ಎಣ್ಣೆಗಾಗಿ ಬಾಯಿ ತೆರೆದ ಸ್ಥಳಗಳು ಹತ್ತಾರು. ಕಾರು ಕೊಂಡ ಶ್ರೀಮಂತ ಅದರ ಜೊತೆಗೆ ಚಾಲಕನನ್ನೂ ಇಟ್ಟುಕೊಳ್ಳುತ್ತಿದ್ದನಷ್ಟೆ. ಆ ಚಾಲಕನ ಸಮಯದಲ್ಲಿ ದೊಡ್ಡ ಪಾಲು ಹೋಗುತ್ತಿದ್ದುದು ಓಡಿಸುವುದರಲ್ಲಲ್ಲ, ನೆಲದ ಮೇಲೆ ಮಲಗಿ ಎಣ್ಣೆಯ ಬಟ್ಟಲುಗಳನ್ನು ತುಂಬುವುದರಲ್ಲಿ.

ಈ ಕಷ್ಟವನ್ನು ಹಗುರ ಮಾಡಲು ಒಬ್ಬೊಬ್ಬರು ಒಂದೊಂದು ದಾರಿ ಹುಡುಕಿದರು. ಮೊದಲನೆಯ ಮಹಾಯುದ್ಧದ ಕಾಲಕ್ಕೆ ಅಮೆರಿಕದಲ್ಲಿ ಆರ್ಥರ್ ಗುಲ್ಬೋರ್ಗ್ ಎಂಬಾತ ಒತ್ತಡದಿಂದ ಗ್ರೀಸ್ ತುಂಬುವ ಪಿಚಕಾರಿಯನ್ನು ರೂಪಿಸಿದ. ಆಸ್ಟ್ರಿಯದಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಆಸ್ಕರ್ ಜೆರ್ಕ್ ಇಂದಿಗೂ ಬಳಕೆಯಲ್ಲಿರುವ ಪುಟ್ಟ ಗ್ರೀಸ್ ನಿಪ್ಪಲ್ಲಿಗೆ 1929ರಲ್ಲಿ ಅಲ್ಲಿ ಪೇಟೆಂಟ್ ಪಡೆದ. ಜೋಸೆಫ್ ಬಿಜೂರ್ ಎಂಬಾತನದು ಇನ್ನೂ ಮುಂದುವರಿದ ಯುಕ್ತಿ. ಸಣ್ಣ ಕೊಳವೆಗಳ ಜಾಲವೊಂದನ್ನು ಗಾಡಿಯ ಅಡಿಯಲ್ಲೆಲ್ಲ ಹರಡಿ, ಒಂದು ಸಲ ಒತ್ತಿದರೆ ಎಲ್ಲ ಕೀಲುಗಳಿಗೂ ಎಣ್ಣೆ ಹೋಗುವಂತೆ ಮಾಡಿದ. ಪ್ಯಾಕಾರ್ಡಿನಂಥ ಭಾರಿ ಬೆಲೆಯ ಕಾರುಗಳಲ್ಲಿ ಈ ಏರ್ಪಾಡಿತ್ತು. ಇವೆಲ್ಲ ಜಾಣ್ಮೆಯ ಕೆಲಸಗಳೇ. ಆದರೆ ಮೂವರೂ ಒಂದು ಮಾತನ್ನು ಪ್ರಶ್ನಿಸಲಿಲ್ಲ. ಲೋಹದ ಮೇಲೆ ಲೋಹ ಜಾರುತ್ತದೆ, ಆದ್ದರಿಂದ ಎಣ್ಣೆ ಬೇಕೇ ಬೇಕು ಎಂಬುದನ್ನು ಒಪ್ಪಿಕೊಂಡೇ ಅವರು ಮುಂದುವರಿದರು.

ಜಾರುವುದೇ ಬೇಡವೆಂದರೆ? ಈ ಪ್ರಶ್ನೆ ಹುಟ್ಟಬೇಕಾದರೆ ಮತ್ತೊಂದು ವಸ್ತು ಲೋಕಕ್ಕೆ ಬರಬೇಕಾಗಿತ್ತು. ಅದು ರಬ್ಬರು.

ದಕ್ಷಿಣ ಅಮೆರಿಕದ ಕಾಡಿನ ಮರದ ಹಾಲನ್ನು ಯೂರೋಪಿನವರು ಬಹುಕಾಲ ಆಟಿಕೆಯಂತೆ ನೋಡಿದರು. ಅದು ಪೆನ್ಸಿಲ್ ಗೆರೆಯನ್ನು ಉಜ್ಜಿ ಅಳಿಸುತ್ತದೆಂದು ವಿಜ್ಞಾನಿ ಜೋಸೆಫ್ ಪ್ರೀಸ್ಟ್ಲಿ 1770ರಲ್ಲಿ ಬರೆದ. ಉಜ್ಜುವುದರಿಂದಲೇ ಅದಕ್ಕೆ ಇಂಗ್ಲಿಷಿನಲ್ಲಿ ರಬ್ಬರ್ ಎಂಬ ಹೆಸರಾಯಿತು. ಆದರೆ ಹಸಿ ರಬ್ಬರು ಬೇಸಿಗೆಯಲ್ಲಿ ಅಂಟಾಗಿ, ಚಳಿಯಲ್ಲಿ ಹಲಗೆಯಂತಾಗಿ ಯಾವ ಕೆಲಸಕ್ಕೂ ಬಾರದಾಗುತ್ತಿತ್ತು. ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಸಾಲ ಮಾಡಿ, ಸೆರೆಮನೆ ಕಂಡು, ಮನೆಯವರನ್ನು ಉಪವಾಸ ಕೆಡವಿ ವರ್ಷಗಟ್ಟಲೆ ಪ್ರಯೋಗ ನಡೆಸಿದ. 1839ರಲ್ಲಿ ಗಂಧಕ ಬೆರೆಸಿದ ರಬ್ಬರನ್ನು ಕಾಯಿಸಿದರೆ ಅದು ಬಿಸಿಗೂ ಚಳಿಗೂ ಜಗ್ಗದೆಂದು ಕಂಡುಕೊಂಡ. ಗೋಜಲಾದ ನೂಲಿನ ಎಳೆಗಳಂತಿರುವ ರಬ್ಬರಿನ ಉದ್ದನೆಯ ಅಣುಗಳ ನಡುವೆ ಗಂಧಕ ಅಲ್ಲಲ್ಲಿ ಗಂಟು ಹಾಕುತ್ತದೆ. ಎಳೆದರೆ ಹಿಗ್ಗುವ ಗುಣ ಉಳಿಯುತ್ತದೆ. ಬಿಟ್ಟರೆ ಹಳೆಯ ಜಾಗಕ್ಕೆ ಮರಳುವ ನೆನಪೂ ಬರುತ್ತದೆ.

1844ರಲ್ಲಿ ಗುಡ್‌ಇಯರನಿಗೆ ಅಮೆರಿಕದ ಪೇಟೆಂಟ್ ದೊರೆಯಿತು. ಇಂಗ್ಲೆಂಡಿನಲ್ಲಿ ಮಾತ್ರ ಥಾಮಸ್ ಹ್ಯಾಂಕಾಕ್ ಅವನಿಗಿಂತ ಮುಂಚೆಯೇ ಅರ್ಜಿ ಹಾಕಿಬಿಟ್ಟಿದ್ದ. ಅದಕ್ಕೆ ಕಾರಣ ಸ್ವಾರಸ್ಯವಾದದ್ದು. ಗುಡ್‌ಇಯರನ ರಬ್ಬರಿನ ತುಣುಕುಗಳನ್ನು ಸ್ಟೀಫನ್ ಮೋಲ್ಟನ್ ಎಂಬವನು 1842ರಲ್ಲಿ ಇಂಗ್ಲೆಂಡಿಗೆ ಒಯ್ದಿದ್ದ. ಅವು ಹ್ಯಾಂಕಾಕನ ಕೈ ಸೇರಿ, ಅವನು ಗುಟ್ಟನ್ನು ಊಹಿಸಿಕೊಂಡ. ಗುಡ್‌ಇಯರ್ 1860ರಲ್ಲಿ ಸತ್ತಾಗ ಅವನ ಮೇಲೆ ಸುಮಾರು 2,00,000 ಡಾಲರ್ ಸಾಲವಿತ್ತು. ಟೈರುಗಳ ಮೇಲೆ ಅವನ ಹೆಸರು ಮೆರೆಯುವ ಕಂಪನಿ 1898ರಲ್ಲಿ ಹುಟ್ಟಿದ್ದು. ಅದಕ್ಕೂ ಅವನಿಗೂ ಹೆಸರಿನ ಹೊರತು ಬೇರೆ ನಂಟಿಲ್ಲ. ಮೋಲ್ಟನ್ ಕುಟುಂಬವಾದರೋ ಇಂಗ್ಲೆಂಡಿನ ಬ್ರಾಡ್‌ಫರ್ಡ್-ಆನ್-ಏವನ್ ಎಂಬ ಊರಿನಲ್ಲಿ ರಬ್ಬರು ಕಾರ್ಖಾನೆ ಹೂಡಿ ನೆಲೆನಿಂತಿತು. ಈ ಮನೆತನವನ್ನು ವಾಚಕರು ನೆನಪಿನಲ್ಲಿಡಬೇಕು.

1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರನ್ನು ಮಾಡಿದ ಮೇಲೆ ರಬ್ಬರಿಗೆ ಎಲ್ಲಿಲ್ಲದ ಬೇಡಿಕೆ ಬಂದಿತು. ಆ ಬೇಡಿಕೆಯ ಬೆಲೆಯನ್ನು ತೆತ್ತವರು ಟೈರನ್ನು ಕಣ್ಣಿನಿಂದಲೂ ಕಾಣದ ಜನ. 1885ರಿಂದ 1908ರವರೆಗೆ ಆಫ್ರಿಕದ ಕಾಂಗೋ ಬೆಲ್ಜಿಯಮ್ಮಿನ ದೊರೆ ಎರಡನೆಯ ಲಿಯೋಪೋಲ್ಡನ ಸ್ವಂತ ಆಸ್ತಿಯಾಗಿತ್ತು. ಗೊತ್ತುಮಾಡಿದಷ್ಟು ಕಾಡುರಬ್ಬರು ತಾರದ ಹಳ್ಳಿಗಳ ಮೇಲೆ ಬಂದೂಕು ಹಿಡಿದವರನ್ನು ನುಗ್ಗಿಸಿ, ಹೆಂಗಸರನ್ನು ಒತ್ತೆಯಿಟ್ಟು, ಜನರ ಕೈ ಕತ್ತರಿಸಿದ ಕಥೆಯನ್ನು 1904ರಲ್ಲಿ ರೋಜರ್ ಕೇಸ್‌ಮೆಂಟ್ ವರದಿ ಮಾಡಿದ ಮೇಲೆ ಲೋಕ ಬೆಚ್ಚಿತು. ಗಾಡಿಯ ಕುಲುಕಾಟವನ್ನು ಮೆತ್ತಗೆ ಮಾಡಿದ ವಸ್ತು ಹೀಗೆ ಯಾರದೋ ಬಾಳನ್ನು ಮೂಳೆ ಮುರಿಯುವಷ್ಟು ಒರಟು ಮಾಡಿತು. ಈ ಮಾತನ್ನು ಬಿಟ್ಟು ರಬ್ಬರಿನ ಚರಿತ್ರೆ ಹೇಳುವುದು ನ್ಯಾಯವಲ್ಲ.

ಇಷ್ಟರಲ್ಲಿ ರಬ್ಬರಿನ ಭೂಗೋಳವೂ ಬದಲಾಗುತ್ತಿತ್ತು. 1876ರಲ್ಲಿ ಹೆನ್ರಿ ವಿಕಮ್ ಎಂಬ ಆಂಗ್ಲ ಬ್ರೆಜಿಲಿನಿಂದ ಸುಮಾರು 70,000 ಬೀಜಗಳನ್ನು ಲಂಡನ್ನಿನ ಕ್ಯೂ ಉದ್ಯಾನಕ್ಕೆ ಸಾಗಿಸಿದ. ಅವುಗಳಲ್ಲಿ ಮೊಳೆತದ್ದು ಸ್ವಲ್ಪವೇ. ಆ ಸಸಿಗಳು ಲಂಕೆಗೂ ಮಲಯಕ್ಕೂ ಬಂದು, ಮೊದಲನೆಯ ಮಹಾಯುದ್ಧದ ಹೊತ್ತಿಗೆ ತೋಟದ ರಬ್ಬರು ಕಾಡುರಬ್ಬರನ್ನು ಹಿಂದೆ ಹಾಕಿತು. ಭಾರತದಲ್ಲಿ ವ್ಯಾಪಾರಕ್ಕಾಗಿ ಬೆಳೆದ ಮೊದಲ ತೋಟ 1902ರಲ್ಲಿ ಕೇರಳದ ಪೆರಿಯಾರ್ ದಂಡೆಯ ತಟ್ಟೇಕಾಡಿನಲ್ಲಿ ಎದ್ದಿತು. ನಮ್ಮ ದಕ್ಷಿಣ ಕನ್ನಡದಲ್ಲಿಯೂ ರಬ್ಬರಿಗೆ ತನ್ನದೇ ಆದ ಕಥೆಯಿದೆ. ಲಂಕೆಯ ತೋಟಗಳಲ್ಲಿ ತಲೆಮಾರುಗಳಿಂದ ದುಡಿದ ಭಾರತೀಯ ಮೂಲದ ತಮಿಳರನ್ನು ಹಿಂದಕ್ಕೆ ಕರೆಸಿಕೊಳ್ಳುವ ಬಗ್ಗೆ 1964ರಲ್ಲಿ ಲಾಲ್ ಬಹಾದುರ್ ಶಾಸ್ತ್ರಿಯವರಿಗೂ ಸಿರಿಮಾವೋ ಭಂಡಾರನಾಯಕೆಯವರಿಗೂ ಒಪ್ಪಂದವಾಯಿತಷ್ಟೆ. ಹಾಗೆ ಬಂದವರಲ್ಲಿ ಅನೇಕ ಕುಟುಂಬಗಳಿಗೆ ಸುಳ್ಯ, ಪುತ್ತೂರುಗಳ ಕಡೆ ಸರ್ಕಾರ ಬೆಳೆಸಿದ ರಬ್ಬರು ತೋಟಗಳಲ್ಲಿ ಬದುಕು ಕಲ್ಪಿಸಲಾಯಿತು. ಬೆಳಗಿನ ಜಾವ ಮರದ ತೊಗಟೆ ಕೆತ್ತುವ ಅವರ ಕೈಗೂ ಬೆಂಗಳೂರಿನ ಗ್ಯಾರೇಜಿನಲ್ಲಿ ಬುಷ್ ಬಡಿಯುವ ಕೈಗೂ ನಡುವೆ ಕಾಣದ ಒಂದು ದಾರವಿದೆ.

ಮತ್ತೆ ಕೀಲಿಗೆ ಬರೋಣ. 1920ರ ದಶಕದಲ್ಲಿ ಫ್ರಾನ್ಸಿನಲ್ಲಿ ಲಿಯೋನ್ ತಿರಿ ಎಂಬ ಇಂಜಿನಿಯರು ಆ ಕೇಳದ ಪ್ರಶ್ನೆಯನ್ನು ಕೇಳಿದ. ಒಂದರೊಳಗೊಂದು ಉಕ್ಕಿನ ಎರಡು ಕೊಳವೆಗಳನ್ನಿಟ್ಟು, ನಡುವಿನ ಸಂದಿಗೆ ರಬ್ಬರನ್ನು ಬಲು ಒತ್ತಡದಿಂದ ತುರುಕಿದರೆ ಅದು ಎರಡನ್ನೂ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಹೊರಕೊಳವೆಯನ್ನು ಸ್ಪ್ರಿಂಗಿನ ಕಣ್ಣಿನಲ್ಲಿ ಬಿಗಿ, ಒಳಕೊಳವೆಯನ್ನು ಬೋಲ್ಟಿನಿಂದ ಗಾಡಿಯ ಚೌಕಟ್ಟಿಗೆ ಬಿಗಿ. ಈಗ ಸ್ಪ್ರಿಂಗು ತೂಗಿದಾಗ ಯಾವುದೂ ಯಾವುದರ ಮೇಲೂ ಜಾರುವುದಿಲ್ಲ. ನಡುವಿನ ರಬ್ಬರು ಒದ್ದೆ ಬಟ್ಟೆಯನ್ನು ಹಿಂಡಿದಂತೆ ತಿರುಚಿಕೊಂಡು, ಮತ್ತೆ ತನ್ನಷ್ಟಕ್ಕೆ ಬಿಚ್ಚಿಕೊಳ್ಳುತ್ತದೆ. ಜಾರುವಿಕೆ ಇಲ್ಲವಾದ್ದರಿಂದ ಸವೆತವಿಲ್ಲ, ಸವೆತವಿಲ್ಲವಾದ್ದರಿಂದ ಎಣ್ಣೆಯಿಲ್ಲ. ಸದ್ದೂ ಇಲ್ಲ. ಅದಕ್ಕೆ ಸೈಲೆಂಟ್‌ಬ್ಲಾಕ್, ಎಂದರೆ ಮೌನದ ಅಚ್ಚು, ಎಂದು ಹೆಸರಾಯಿತು. ಆ ವ್ಯಾಪಾರದ ಹೆಸರು ನಮ್ಮ ಮೆಕ್ಯಾನಿಕ್ಕುಗಳ ಬಾಯಲ್ಲಿ ಸಾಮಾನ್ಯ ನಾಮಪದವಾಗಿ ಇಂದಿಗೂ ಉಳಿದಿದೆ.

ಇದರ ಜೊತೆಗೇ ರಬ್ಬರು ಇಂಜಿನಿನ ಕೆಳಗೂ ಸೇರಿತು. 1931ರಲ್ಲಿ ಕ್ರೈಸ್ಲರ್ ಕಂಪನಿ ತನ್ನ ಪ್ಲಿಮತ್ ಕಾರಿನ ಇಂಜಿನನ್ನು ರಬ್ಬರಿನ ದಿಂಬುಗಳ ಮೇಲೆ ತೇಲಿಸಿತು. ಬೇಗನೆ ಫ್ರಾನ್ಸಿನ ಸಿತ್ರೋಯೆನ್ ಅದರ ಹಕ್ಕು ಪಡೆಯಿತು. 1942ರಲ್ಲಿ ಜಪಾನು ಮಲಯವನ್ನೂ ಡಚ್ಚರ ದ್ವೀಪಗಳನ್ನೂ ಆಕ್ರಮಿಸಿದಾಗ ಅಮೆರಿಕಕ್ಕೆ ಬರುತ್ತಿದ್ದ ಸಹಜ ರಬ್ಬರಿನಲ್ಲಿ ಸುಮಾರು ಶೇಕಡಾ 90ರಷ್ಟು ನಿಂತುಹೋಯಿತು. ಸಂಶ್ಲೇಷಿತ ರಬ್ಬರಿನ ಕಾರ್ಖಾನೆಗಳು ರಾತ್ರೋರಾತ್ರಿ ಎದ್ದವು. ಯುದ್ಧ ಮುಗಿಯುವ ಹೊತ್ತಿಗೆ ರಬ್ಬರು ಕೇವಲ ಟೈರಿನ ಸಾಮಗ್ರಿಯಾಗಿ ಉಳಿಯದೆ ಇಂಜಿನಿಯರರ ಕೈಯ ಪಳಗಿದ ಉಪಕರಣವಾಗಿತ್ತು. 1959ರಲ್ಲಿ ಇಂಗ್ಲೆಂಡಿನ ಪುಟ್ಟ ಮಿನಿ ಕಾರು ಬಂದಾಗ ಅದರಲ್ಲಿ ಉಕ್ಕಿನ ಸ್ಪ್ರಿಂಗೇ ಇರಲಿಲ್ಲ. ರಬ್ಬರಿನ ಶಂಕುಗಳೇ ಭಾರ ಹೊತ್ತವು. ಅವನ್ನು ರೂಪಿಸಿದವನು ಅಲೆಕ್ಸ್ ಮೋಲ್ಟನ್. ಗುಡ್‌ಇಯರನ ತುಣುಕುಗಳನ್ನು ಹಡಗಿನಲ್ಲಿ ತಂದ ಅದೇ ಸ್ಟೀಫನ್ ಮೋಲ್ಟನ್ನನ ಮರಿಮಗ.

ಈ ಬದಲಾವಣೆ ನಮ್ಮ ದೇಶಕ್ಕೆ ಬಂದದ್ದು ತಡವಾಗಿ, ಅರ್ಧರ್ಧವಾಗಿ. ಭಾರತದಲ್ಲಿಯೇ ಮೋಟಾರು ತಯಾರಿಸಬೇಕೆಂದು ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಅಮೆರಿಕ, ಯೂರೋಪುಗಳನ್ನು ಸುತ್ತಿ ಯೋಜನೆ ಸಿದ್ಧಪಡಿಸಿದ್ದರು. ಅಂದಿನ ಬ್ರಿಟಿಷ್ ಸರ್ಕಾರ ಅದಕ್ಕೆ ಒತ್ತಾಸೆಯಾಗಲಿಲ್ಲ. ಆ ಯೋಜನೆಯಲ್ಲಿ ಜೊತೆಯಾಗಿದ್ದ ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಕಂಪನಿ ಸ್ಥಾಪಿಸಿದರು. ಫಿಯೆಟ್ ಕಾರುಗಳೂ ಅವುಗಳಿಂದ ಹುಟ್ಟಿದ ಪದ್ಮಿನಿಯೂ ಅಲ್ಲಿಂದ ಬಂದವು. ಕಲ್ಕತ್ತೆಯ ಬಳಿಯ ಉತ್ತರಪಾರದಲ್ಲಿ 1950ರ ದಶಕದ ಕೊನೆಗೆ ಅಂಬಾಸಡರ್ ಹೊರಟಿತು. ಅದು ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯ ಕಾರೇ. ಮದರಾಸಿನಲ್ಲಿ 1961ರಿಂದ ಸ್ಟ್ಯಾಂಡರ್ಡ್ ಹೆರಾಲ್ಡ್ ತಯಾರಾಯಿತು.

ಅಂಬಾಸಡರಿನ ಅಡಿಯಲ್ಲಿ ಬಗ್ಗಿ ನೋಡಿದವರಿಗೆ ಎರಡು ಯುಗಗಳು ಒಟ್ಟಿಗೆ ಕಾಣುತ್ತಿದ್ದವು. ಮುಂಚಕ್ರಗಳು ಹೊರಳುವ ಕೀಲುಗಳಲ್ಲಿ ಗ್ರೀಸ್ ನಿಪ್ಪಲ್ಲುಗಳು. ಹಿಂದಿನ ಪಟ್ಟಿ ಸ್ಪ್ರಿಂಗಿನ ಕಣ್ಣುಗಳಲ್ಲಿ ರಬ್ಬರ್ ಬುಷ್ಷುಗಳು. ಒಂದಕ್ಕೆ ಅಮೃತವಾದದ್ದು ಇನ್ನೊಂದಕ್ಕೆ ವಿಷ. ಏಕೆಂದರೆ ಸಹಜ ರಬ್ಬರಿಗೂ ಖನಿಜ ತೈಲಕ್ಕೂ ರಾಸಾಯನಿಕವಾಗಿ ದಾಯಾದಿ ಸಂಬಂಧ. ತೈಲ ರಬ್ಬರಿನೊಳಗೆ ಇಳಿದು, ಅಣುಗಳನ್ನು ದೂರ ತಳ್ಳಿ, ಅದನ್ನು ಉಬ್ಬಿಸಿ ಹಲ್ವದಂತೆ ಮೆತ್ತಗಾಗಿಸುತ್ತದೆ. ಮೆತ್ತಗಾದ ಬುಷ್ ಬೇಗ ಹರಿಯುತ್ತದೆ.

ತಿರುಗುಬಾಣದ ಮಾತು ಇಲ್ಲಿಗೆ ಬಂದಿತು. ಕಿರುಗುಟ್ಟಿದರೆ ಎಣ್ಣೆ ಎಂಬ ಕೀಲೆಣ್ಣೆಯ ಪಾಠವನ್ನು ಮರೆಯದ ಜನ, ಸರ್ವೀಸಿಗೆ ಬಿಟ್ಟಾಗಲೆಲ್ಲ ಗಾಡಿಯ ಅಡಿಗೆಲ್ಲ ಹಳೆಯ ಇಂಜಿನ್ ಎಣ್ಣೆಯನ್ನು ಸಿಂಪಡಿಸುವ ರೂಢಿ ಮಾಡಿಕೊಂಡರು. ತುಕ್ಕು ಹಿಡಿಯದಿರಲಿ, ಸದ್ದು ಅಡಗಲಿ ಎಂಬ ಸದುದ್ದೇಶವೇ ಅದರ ಹಿಂದಿತ್ತು. ಸದ್ದು ನಾಲ್ಕು ದಿನ ಅಡಗುತ್ತಲೂ ಇತ್ತು. ಆದರೆ ಎಣ್ಣೆ ಪಟ್ಟಿಗಳ ಸಂದಿನಿಂದ ಕಣ್ಣಿಗೆ ಇಳಿದು, ಅಲ್ಲಿದ್ದ ರಬ್ಬರನ್ನು ಮೆಲ್ಲಗೆ ತಿನ್ನುತ್ತಿತ್ತು. ಗಾಡಿಯನ್ನು ಅಲಕ್ಷ್ಯ ಮಾಡಿದವನ ಬುಷ್ಷಿಗಿಂತ, ಅತಿಯಾಗಿ ಪ್ರೀತಿಸಿದವನ ಬುಷ್ ಮೊದಲು ಸಾಯುವ ಸಂಭವ ಹೀಗೆ ಒದಗಿತು.

ಹೆರಾಲ್ಡಿನ ಮಾತು ಇನ್ನೊಂದು ಬಗೆ. 1959ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದಾಗ, ಪದೇ ಪದೇ ಗ್ರೀಸಿನ ಗೊಡವೆಯಿಲ್ಲದ ಕಾರೆಂಬುದು ಅದರ ಹೆಗ್ಗಳಿಕೆಗಳಲ್ಲಿ ಒಂದಾಗಿತ್ತು. ಆದರೂ ಮುಂಚಕ್ರದ ಬುಡದಲ್ಲಿ ತಿರುಪು ಕೊರೆದ ಟ್ರನಿಯನ್ ಎಂಬ ಲೋಹದ ಕೀಲೊಂದು ಉಳಿದಿತ್ತು. ಅದಕ್ಕೆ ತಯಾರಕರು ವಿಧಿಸಿದ್ದು ಗ್ರೀಸಲ್ಲ, ದಪ್ಪನೆಯ ಗೇರ್ ಎಣ್ಣೆ. ನಿಪ್ಪಲ್ಲಿನ ಆಕಾರ ಕಂಡವರು ಕೈಗೆ ಸಿಕ್ಕ ಗ್ರೀಸನ್ನೇ ತುಂಬಿದರು. ಗ್ರೀಸ್ ತಿರುಪಿನ ಸಂದಿಗೆಲ್ಲ ಹರಿಯದೆ ಗಟ್ಟಿಯಾಗಿ ಕೂತಿತು. ಒಳಗೆ ನೀರು ಸೇರಿ ತುಕ್ಕು ಹಿಡಿಯಿತು. ಕೊನೆಗೆ ಕೀಲು ಮುರಿದು ಚಕ್ರವೇ ಅಡ್ಡ ಮಲಗಿದ ಪ್ರಸಂಗಗಳು ಆ ಜಾತಿಯ ಕಾರುಗಳ ಚರಿತ್ರೆಯಲ್ಲಿ ಕುಖ್ಯಾತವಾಗಿವೆ. ಒಂದೆಡೆ ಎಣ್ಣೆ ಹಾಕಿದ್ದು ತಪ್ಪು. ಇನ್ನೊಂದೆಡೆ ಎಣ್ಣೆಯ ಬದಲು ಗ್ರೀಸ್ ಹಾಕಿದ್ದು ತಪ್ಪು. ಪ್ರೀತಿ ಇದ್ದರೆ ಸಾಲದು, ಪ್ರೀತಿಸುವ ವಸ್ತುವಿನ ಸ್ವಭಾವ ತಿಳಿದಿರಬೇಕು.

ರಬ್ಬರ್ ಬುಷ್ಷಿನ ಸ್ವಭಾವವೇನು? ಅದಕ್ಕೆ ಶತ್ರುಗಳು ನಾಲ್ಕು: ಎಣ್ಣೆ, ಶಾಖ, ಗಾಳಿಯಲ್ಲಿನ ಓಜೋನ್, ಮತ್ತು ಕಾಲ. ಓಡದೆ ಷೆಡ್ಡಿನಲ್ಲಿ ನಿಂತ ಕಾರಿನ ಬುಷ್ಷೂ ಬಿರುಕು ಬಿಡುವುದುಂಟು. ಇದು ಕಂಚಿನ ಬುಷ್ಷಿಗಿಲ್ಲದ ದೋಷ. ಕಂಚು ಓಡಿದಷ್ಟು ಸವೆಯುತ್ತದೆ, ರಬ್ಬರು ಬದುಕಿದಷ್ಟು ಮುಪ್ಪಾಗುತ್ತದೆ. ಮುಪ್ಪಿನ ಲಕ್ಷಣಗಳು ಗುಟ್ಟೇನಲ್ಲ. ಹಳ್ಳದಲ್ಲಿ 'ಟಕ್' ಎನ್ನುವುದು, ಬ್ರೇಕು ಒತ್ತಿದಾಗ ಗಾಡಿ ಒಂದು ಪಕ್ಕಕ್ಕೆ ಎಳೆಯುವುದು, ನೇರ ರಸ್ತೆಯಲ್ಲಿಯೂ ಸ್ಟೀರಿಂಗ್ ತಿದ್ದುತ್ತಲೇ ಇರಬೇಕಾಗುವುದು, ಟೈರಿನ ಒಂದೇ ಅಂಚು ಸವೆಯುವುದು. ಕಣ್ಣಿಗೂ ಕಾಣುತ್ತದೆ: ಒಳಕೊಳವೆ ನಟ್ಟನಡುವೆ ಇರದೆ ಒಂದು ಬದಿಗೆ ವಾಲಿದ್ದರೆ ರಬ್ಬರು ಸೋತಿದೆಯೆಂದೇ ಅರ್ಥ.

ಹೊಸ ಬುಷ್ ಹಾಕುವಾಗ ಒಂದು ಸೂಕ್ಷ್ಮವಿದೆ. ಬಹುಮಂದಿ ಎಡವುವುದು ಇಲ್ಲಿಯೇ. ಕೆಲಸ ಮಾಡಲು ಗಾಡಿಯನ್ನು ಎತ್ತಿ, ಭದ್ರವಾದ ಆಸರೆಗಳ ಮೇಲೆ ನಿಲ್ಲಿಸಿರುತ್ತಾರೆ (ಬರಿಯ ಜ್ಯಾಕನ್ನು ನಂಬಿ ಅಡಿಗೆ ಹೋಗುವುದು ಪ್ರಾಣಕ್ಕೆ ಎರವು). ಚಕ್ರಗಳು ಆಗ ಕೆಳಗೆ ಜೋತಿರುತ್ತವೆ. ಆ ಸ್ಥಿತಿಯಲ್ಲಿಯೇ ಬೋಲ್ಟನ್ನು ಪೂರ್ತಿ ಬಿಗಿದು ಗಾಡಿ ಇಳಿಸಿದರೆ ಏನಾಗುತ್ತದೆ? ಸ್ಪ್ರಿಂಗು ಭಾರ ಹೊತ್ತು ಮೇಲಕ್ಕೆ ಬರುತ್ತದೆ, ರಬ್ಬರು ತಿರುಚಿಕೊಳ್ಳುತ್ತದೆ. ಗಾಡಿ ಸುಮ್ಮನೆ ನಿಂತಾಗಲೂ ಆ ತಿರುಚು ಬಿಡುವುದಿಲ್ಲ. ರಾತ್ರಿಯಿಡೀ ಕತ್ತು ಹೊರಳಿಸಿ ಮಲಗಿದವನಂತೆ ಬುಷ್ಷಿಗೆ ವಿಶ್ರಾಂತಿಯೆಂಬುದೇ ಇಲ್ಲ. ಹೊಸದಾಗಿ ಹಾಕಿದ ಬುಷ್ ಕೆಲವೇ ತಿಂಗಳಲ್ಲಿ ಹರಿಯಿತು, ಸಾಮಾನು ಕಳಪೆ ಎಂದು ಅಂಗಡಿಯವನನ್ನು ಬೈಯುವವರು, ಬೋಲ್ಟನ್ನು ಯಾವಾಗ ಬಿಗಿದರೆಂದು ವಿಚಾರಿಸಬೇಕು. ಸಡಿಲವಾಗಿ ಜೋಡಿಸಿ, ಗಾಡಿಯ ಭಾರ ಚಕ್ರಗಳ ಮೇಲೆ ಬಂದ ನಂತರ ಕೊನೆಯ ಬಿಗಿ ಕೊಡುವುದು ಸರಿಯಾದ ಕ್ರಮ. ಕೂರಿಸುವಾಗ ಜಾರಲೆಂದು ಸೋಪಿನ ನೀರು ಸಾಕು, ಗ್ರೀಸ್ ಬೇಡ. ಎಡಕ್ಕೆ ಹಾಕಿದರೆ ಬಲಕ್ಕೂ ಹಾಕಬೇಕು, ಆಮೇಲೆ ಚಕ್ರಗಳ ನೇರವನ್ನು ಪರೀಕ್ಷಿಸಬೇಕು. ಇಷ್ಟೇ ವಿದ್ಯೆ. ಆದರೆ ಇದನ್ನು ತಿಳಿದ ಫಿಟ್ಟರನಿಗೂ ತಿಳಿಯದವನಿಗೂ ನಡುವೆ ಸಾವಿರಾರು ಮೈಲಿಗಳ ವ್ಯತ್ಯಾಸ.

ಕಾರು ಬೇಕೆಂದು ಹೆಸರು ಬರೆಸಿ ವರ್ಷಗಟ್ಟಲೆ ಕಾಯುತ್ತಿದ್ದ ಕಾಲದಲ್ಲಿ, ಇದ್ದ ಕಾರನ್ನು ಉಳಿಸಿಕೊಳ್ಳುವುದೇ ಧರ್ಮವಾಗಿತ್ತು. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳೂ ಅಕ್ಕಪಕ್ಕದ ಲೇತ್ ಯಂತ್ರಗಳೂ ಆ ಧರ್ಮದಿಂದಲೇ ಬೆಳೆದವು. ಹಳೆಯ ಬುಷ್ಷನ್ನು ಬೋಲ್ಟು, ವಾಷರು, ಪೈಪಿನ ತುಂಡು ಇಷ್ಟರಿಂದಲೇ ಹೊರಗೆಳೆದು ಹೊಸದನ್ನು ಕೂರಿಸುವ ಜಾಣರು ಅಲ್ಲಿ ತಯಾರಾದರು. 2014ರಲ್ಲಿ ಅಂಬಾಸಡರಿನ ಉತ್ಪಾದನೆ ನಿಂತಿತು. 2023ರ ಅಕ್ಟೋಬರಿನಲ್ಲಿ ಮುಂಬಯಿಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳೂ ರಸ್ತೆಯಿಂದ ಮರೆಯಾದವು. ಇಂದಿನ ಅನೇಕ ಕಾರುಗಳಲ್ಲಿ ಬುಷ್ ಬಿಡಿಯಾಗಿ ದೊರೆಯುವುದಿಲ್ಲ. ಅದನ್ನು ಕೂರಿಸಿದ ಕಬ್ಬಿಣದ ತೋಳನ್ನೇ ಇಡಿಯಾಗಿ ಕೊಳ್ಳಬೇಕು. ಅಗ್ಗದ ಗೂಡು ಸವೆಯಲಿ, ಬೆಲೆಬಾಳುವ ದಂಡ ಉಳಿಯಲಿ ಎಂದು ಹುಟ್ಟಿದ ವಸ್ತು ಬುಷ್. ಗೂಡು ಸವೆದರೆ ದಂಡವನ್ನೂ ಎಸೆ ಎಂಬಲ್ಲಿಗೆ ನಾವು ಬಂದು ನಿಂತಿದ್ದೇವೆ. ದುಡಿಯುವವನ ಸಮಯಕ್ಕೆ ಬೆಲೆ ಏರಿದಾಗ ಹೀಗಾಗುವುದು ಸಹಜವೆಂದು ಅರ್ಥಶಾಸ್ತ್ರ ಹೇಳಬಹುದು. ಆದರೆ ಇದರಲ್ಲಿ ಕಳೆದುಹೋಗುವುದು ಒಂದು ತುಂಡು ಉಕ್ಕು ಮಾತ್ರವಲ್ಲ, ಅದನ್ನು ಉಳಿಸಿಕೊಳ್ಳಬಲ್ಲ ಕೈಯ ವಿದ್ಯೆಯೂ ಹೌದು.

ಆದರೂ ಕಥೆ ಇಲ್ಲಿಗೆ ಮುಗಿಯಲಿಲ್ಲ. ಜರ್ಮನಿಯ ಆಟ್ಟೋ ಬಾಯರ್ 1937ರಲ್ಲಿ ಕಂಡುಹಿಡಿದ ಪಾಲಿಯುರಿಥೇನ್ ಎಂಬ ವಸ್ತುವಿನ ಬುಷ್ಷುಗಳು ಹಳೆಯ ಕಾರಿನ ಅಭಿಮಾನಿಗಳಲ್ಲಿ ಈಗ ಬಳಕೆಯಲ್ಲಿವೆ. ಎಣ್ಣೆಗೆ ಅವು ಸುಲಭವಾಗಿ ಜಗ್ಗುವುದಿಲ್ಲ, ಹೆಚ್ಚು ಕಾಲ ಬಾಳುತ್ತವೆ, ಆದರೆ ಗಡುಸು. ರಸ್ತೆಯ ಒರಟನ್ನು ಕುಳಿತವರಿಗೆ ಹೆಚ್ಚಾಗಿ ತಲುಪಿಸುತ್ತವೆ. ಇನ್ನೊಂದು ವಿಶೇಷವುಂಟು. ಇವುಗಳಲ್ಲಿ ಹೆಚ್ಚಿನವು ರಬ್ಬರಿನಂತೆ ತಿರುಚಿಕೊಳ್ಳದೆ ಒಳಕೊಳವೆಯ ಮೇಲೆ ಜಾರುತ್ತವೆ. ಆದ್ದರಿಂದ ಅವನ್ನು ಕೂರಿಸುವಾಗ ಅದಕ್ಕೆಂದೇ ತಯಾರಿಸಿದ ಗ್ರೀಸನ್ನು ಹಚ್ಚಬೇಕು, ಒಣಗಿದರೆ ಕಿರುಗುಟ್ಟುತ್ತವೆ. ನೂರು ವರ್ಷ ಸುತ್ತಿ ಬಂದು ಕೀಲು ಮತ್ತೆ ಎಣ್ಣೆ ಕೇಳುತ್ತಿದೆ.

ಹಳೆಯ ಗಾಡಿಯವನು ಇದನ್ನು ಕೇಳಿದ್ದರೆ ನಕ್ಕು, ತನ್ನ ಬಿದಿರಿನ ಗೊಟ್ಟವನ್ನು ತೋರಿಸುತ್ತಿದ್ದನೇನೋ. ಅವನ ಅಚ್ಚಿಗೆ ಅವನ ಎಣ್ಣೆ ಸರಿಯಾಗಿತ್ತು, ಏಕೆಂದರೆ ಆ ಅಚ್ಚನ್ನು ಅವನು ಬಲ್ಲ. ನಮ್ಮ ಗಾಡಿಗಳ ಅಡಿಯಲ್ಲಿರುವುದು ಕಂಚೋ, ರಬ್ಬರೋ, ಮತ್ತೊಂದೋ ಎಂಬುದನ್ನು ಒಮ್ಮೆ ಬಗ್ಗಿ ನೋಡಿ ತಿಳಿದುಕೊಳ್ಳುವಷ್ಟು ವ್ಯವಧಾನ ನಮಗಿದ್ದರೆ, ಎಣ್ಣೆಯ ಡಬ್ಬಿಯನ್ನು ಕೈಗೆತ್ತಿಕೊಳ್ಳಬೇಕೋ ಕೆಳಗಿಡಬೇಕೋ ಎಂಬುದು ತಾನಾಗಿ ತೀರ್ಮಾನವಾಗುತ್ತದೆ.